ಮೂವತ್ತೊಂದು ಟೋಪಿಗಳು

ಪೋರ್ಟ್ ಅಗಸ್ಟಾದ ನೊಯೆಲೀನ್ ರಡ್ಡಕ್ ಮರುಭೂಮಿಯ ದಾರಿಯಲ್ಲಿ ಹತ್ತೊಂಬತ್ತು ವರ್ಷ ಪ್ರವಾಸಿ ಬಸ್ಸು ಓಡಿಸಿದವಳು. ಬರೀ ಓಡಿಸುವ ಕೆಲಸವಲ್ಲ ಅದು. ಸ್ಟಿಯರಿಂಗ್ ಹಿಡಿದುಕೊಂಡೇ ಮೈಕಿನಲ್ಲಿ ದಾರಿಯ ಕಥೆ ಹೇಳಬೇಕು, ಟೈರು ಬದಲಿಸಬೇಕು, ಚಹಾಕ್ಕೆ ನೀರು ಕಾಯಿಸಬೇಕು, ಯಾರ ಮಾತ್ರೆ ಯಾವ ಚೀಲದಲ್ಲಿದೆ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು. ಅವಳು ಹೇಳುತ್ತಿದ್ದ ಕಥೆಗಳಲ್ಲಿ ಅರ್ಧ ನಿಜ, ಉಳಿದರ್ಧ ಆವತ್ತಿನ ಉಮೇದು. ಕೇಳುವವರು ಹೆಚ್ಚಿನವರು ಪಿಂಚಣಿಯ ಮುದುಕ ಮುದುಕಿಯರು. ನಗಿಸಿದರೆ ಸಾಕು, ನಿಜವೋ ಸುಳ್ಳೋ ಎಂದು ಕೆದಕುವವರಲ್ಲ. ನಗಿಸುವುದರಲ್ಲಿ ನೊಯೆಲೀನಳನ್ನು ಮೀರಿಸುವವರು ಆ ಕಡೆ ಯಾರೂ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದದ್ದೇ ಸ್ವಲ್ಪ ಹೆಚ್ಚಾಯಿತು ಎಂದು ನನ್ನ ಅನಿಸಿಕೆ.

ಪ್ರತಿ ನಿಲುಗಡೆಯಲ್ಲೂ ಅವಳದ್ದೊಂದು ಮಾತು ಇತ್ತು. ಬಾಗಿಲು ತೆರೆದು, ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳುವಳು: "ಹದಿನೈದು ನಿಮಿಷ. ಹದಿನಾರನೇ ನಿಮಿಷಕ್ಕೆ ನಾನು ಇಲ್ಲಿರಲ್ಲ. ತಡ ಮಾಡಿದೋರಿಗೆ ಅಂತ ಬಸ್ಸು ತಿರುಗಿಸೋ ಅಭ್ಯಾಸ ನನಗಿಲ್ಲ. ಡಿಂಗೋಗಳ ಜೊತೆ ಹೊಂದ್ಕೊಂಡು ಹೋಗಿ." ಡಿಂಗೋ ಎಂದರೆ ಅಲ್ಲಿಯ ಕಾಡುನಾಯಿ. ಎಲ್ಲರೂ ನಗುತ್ತಿದ್ದರು. ಹದಿನೈದು ನಿಮಿಷಕ್ಕೆ ಸರಿಯಾಗಿ ಹತ್ತಿ ಕೂರುತ್ತಿದ್ದರು.

ಕೂತವರನ್ನು ಎಣಿಸುವುದಕ್ಕೂ ಅವಳದೇ ದಾರಿ. ಕಂಪನಿಯ ನಿಯಮದ ಪ್ರಕಾರ ಬಸ್ಸಿನ ಒಳಗೆ ಈ ತುದಿಯಿಂದ ಆ ತುದಿಗೆ ನಡೆದು ಒಂದೊಂದೇ ತಲೆ ಎಣಿಸಬೇಕು. ಒಂಬತ್ತು ವರ್ಷದ ಹಿಂದೆ ಅವಳ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಅದೇ ವರ್ಷ ಕಂಪನಿ ಪ್ರಯಾಣಿಕರಿಗೆಲ್ಲ ಒಂದೇ ಥರದ ಟೋಪಿ ಹಂಚಲು ಶುರುಮಾಡಿತು. ಅಗಲ ಅಂಚಿನ ಬಿಳಿ ಟೋಪಿ, ಸುತ್ತ ಹಸಿರು ಪಟ್ಟಿ, ನೊಣಕ್ಕೆ ಬಲೆ. ಎಣಿಸುವ ತನಕ ಯಾರೂ ಟೋಪಿ ತೆಗೆಯಬಾರದು ಎಂದು ನೊಯೆಲೀನ್ ಕಟ್ಟಳೆ ಮಾಡಿದಳು. ಆಮೇಲೆ ಎದ್ದು ನಡೆಯುವ ಗೋಳೇ ಇಲ್ಲ. ಸೀಟಿನಲ್ಲೇ ಕೂತು ಕನ್ನಡಿ ನೋಡಿದರೆ ಸೀಟುಗಳ ಮೇಲೆ ಬಿಳಿ ಟೋಪಿಗಳ ಸಾಲು. ಕುಳ್ಳಗಿದ್ದವರ ತಲೆ ಕಾಣದಿದ್ದರೂ ಟೋಪಿ ಕಾಣುತ್ತದೆ. ಬೇರೆ ಚಾಲಕರಿಗೂ ಈ ಉಪಾಯ ಹೇಳಿಕೊಟ್ಟು ಬೀಗಿದಳು.

ಅದು ಅಕ್ಟೋಬರ್ ಕೊನೆ, ಆ ದೇಶದಲ್ಲಿ ಬೇಸಿಗೆಯ ಹೊಸ್ತಿಲು. ಬೇಸಿಗೆ ಶುರುವಾದರೆ ಆ ದಾರಿಯಲ್ಲಿ ಬಸ್ಸಿಲ್ಲ. ಆ ವರ್ಷದ ಕೊನೆಯ ಪ್ರವಾಸ. ಬೆಳಿಗ್ಗೆ ಹತ್ತಕ್ಕೇ ಮೂವತ್ತೊಂಬತ್ತು ಡಿಗ್ರಿ ಕಾಯುತ್ತಿತ್ತು. ಹಳೆಯ ರೈಲು ದಾರಿಯ ಕ್ರೇವನ್ ಸೈಡಿಂಗ್ ಎಂಬ ಪಾಳುನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿದಳು. ನಾಲ್ಕು ಮುರುಕಲು ಕಲ್ಲುಗೋಡೆ, ತುಕ್ಕು ಹಿಡಿದ ನೀರಿನ ತೊಟ್ಟಿ, ಸುತ್ತ ಕಣ್ಣು ಹಾಯುವಷ್ಟೂ ಕೆಂಪು ನೆಲ. ಎಂದಿನ ಮಾತಿಗೆ ಆವತ್ತು ಇನ್ನೊಂದು ಬಾಲವನ್ನೂ ಸೇರಿಸಿದಳು: "ಇದೇ ಕೊನೇ ಟ್ರಿಪ್ಪು. ಮುಂದಿನ ಬಸ್ಸು ಏಪ್ರಿಲ್‌ಗೆ." ನಗು ಎಂದಿಗಿಂತ ಜೋರಾಗಿಯೇ ಬಂತು.

ಹದಿನೈದು ನಿಮಿಷವಾಯಿತು. ಹಾರ್ನ್ ಹೊಡೆದಳು. ಕನ್ನಡಿ ನೋಡಿದಳು. ಮೂವತ್ತೊಂದು ಟೋಪಿ. ಹೊರಟಳು.

ಎಂಬತ್ತನಾಲ್ಕು ಕಿಲೋಮೀಟರ್ ಜಲ್ಲಿದಾರಿ ಮುಗಿಸಿ ಡಾಟ್‌ಳ ಊಟದ ಮನೆ ತಲುಪುವ ಹೊತ್ತಿಗೆ ಹನ್ನೆರಡು. ಡಾಟ್ ಮತ್ತು ಅವಳ ಗಂಡ ಆ ಬಯಲಿನಲ್ಲಿ ಪೆಟ್ರೋಲ್ ಬಂಕು, ಊಟ, ಬಿಯರು ಎಲ್ಲವನ್ನೂ ಒಂದೇ ತಗಡಿನ ಮಾಡಿನಡಿ ನಡೆಸುತ್ತಿದ್ದರು. ಪ್ರಯಾಣಿಕರು ನುಗ್ಗಿ ಕೂತರು. ಹುರಿದ ಕುರಿಮಾಂಸ, ಕುಂಬಳಕಾಯಿ, ಬಟಾಣಿಯ ತಟ್ಟೆಗಳು ಹೊರಬಂದವು. ನೊಯೆಲೀನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದಳು.

ಡಾಟ್ ಕೈಯಲ್ಲೊಂದು ತಟ್ಟೆ ಹಿಡಿದು ಬಂದಳು. "ಇದು ಯಾರದು ಕಣೇ? ಮೂವತ್ತೊಂದು ಊಟ ಅಂದಿದ್ದೆ ನೀನು, ಒಂದು ಉಳೀತಲ್ಲ."

"ಯಾರೋ ಟಾಯ್ಲೆಟ್ಟಲ್ಲಿರ್ತಾರೆ ಬಿಡು. ಎಂಬತ್ತು ವರ್ಷದೋರು, ಅಲ್ಲಿ ಹೋದ್ರೆ ಅಲ್ಲೇ ಸಂಸಾರ."

"ಟಾಯ್ಲೆಟ್ಟಿಂದ ಈಗ ನಾನೇ ಬಂದೆ. ಯಾರೂ ಇಲ್ಲ."

ನೊಯೆಲೀನ್ ಚಹಾದ ಲೋಟ ಇಟ್ಟಳು. ನಗು ಇನ್ನೂ ಮುಖದ ಮೇಲೇ ಇತ್ತು. ಬಸ್ಸಿನತ್ತ ಹೋದಳು. ನಡೆದೇ ಹೋದಳು, ಓಡಿದರೆ ನಿಜವಾಗಿಬಿಡುತ್ತದೆ ಎಂಬಂತೆ. ಒಳಗೆ ಹತ್ತಿ ನೋಡಿದರೆ ಎಲ್ಲ ಸೀಟುಗಳೂ ಖಾಲಿ. ಏಳನೇ ಸಾಲಿನ ಕಿಟಕಿ ಸೀಟಿನ ಮೇಲ್ತುದಿಗೆ ಮಾತ್ರ ಒಂದು ಟೋಪಿ ಸಿಕ್ಕಿಸಿತ್ತು. ಹಿಂದಕ್ಕೊರಗಿ ನಿದ್ದೆ ಮಾಡುವವನ ತಲೆಯ ಮಟ್ಟಕ್ಕೇ ಇತ್ತು ಅದು.

ಆ ಸೀಟು ಸಿರಿಲ್ ಪೆಂಗೆಲಿಯದು. ಮೂಂಟಾ ಊರಿನವನು, ಎಂಬತ್ತೊಂದು ವರ್ಷ, ಬದುಕೆಲ್ಲ ಪಿಯಾನೋಗಳಿಗೆ ಶ್ರುತಿ ಕೂರಿಸಿದವನು. ಈಗ ಎರಡೂ ಕಿವಿಗೆ ಯಂತ್ರ, ಕೈಗೊಂದು ಊರುಗೋಲು. ಒಂಟಿಯಾಗಿ ಬಂದಿದ್ದ, ಪಕ್ಕದ ಸೀಟು ಖಾಲಿ. ಅವನಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

ನಲವತ್ತೊಂದು ಡಿಗ್ರಿಯ ಬಿಸಿಲಲ್ಲಿ ನೊಯೆಲೀನಳಿಗೆ ಚಳಿ ಹಿಡಿಯಿತು. ಅಲ್ಲಿಯ ಬಿಸಿಲು ಏನು ಮಾಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಟ್ಟಿಮುಟ್ಟಾದ ಮೂವತ್ತರ ಗಂಡಸರು ಕೆಟ್ಟುನಿಂತ ಕಾರು ಬಿಟ್ಟು ನಡೆದು, ಮಧ್ಯಾಹ್ನ ದಾಟುವುದರೊಳಗೆ ಹೆಣವಾದದ್ದನ್ನು ಆ ದಾರಿಯ ಎಲ್ಲರೂ ಬಲ್ಲರು. ಗಾಡಿ ಬಿಟ್ಟು ಕದಲಬಾರದು, ನೆರಳು ಬಿಟ್ಟು ಹೋಗಬಾರದು, ಹುಡುಕಿಕೊಂಡು ಬಂದೇ ಬರುತ್ತಾರೆ. ಮಕ್ಕಳಿಗೂ ಕಲಿಸುವ ಪಾಠ. ಅವಳು ಮಾತ್ರ ಅಷ್ಟು ದಿನವೂ ಅದರ ತಿರುವುಮುರುವನ್ನೇ ಹೇಳುತ್ತ ನಗಿಸಿದ್ದಳು. ತಿರುಗಿ ಬರುವುದಿಲ್ಲ ಎಂದಿದ್ದಳು. ಏಪ್ರಿಲ್ ಎಂದಿದ್ದಳು. ಸಿರಿಲ್ ಅದನ್ನು ನಂಬಿದ್ದರೆ ನಡೆದಿರುತ್ತಾನೆ. ನಡೆದಿದ್ದರೆ ಸತ್ತಿರುತ್ತಾನೆ.

ಡಾಟ್ ಹೆಚ್ಚು ಕೇಳಲಿಲ್ಲ. ಟೋಪಿ ಹಿಡಿದು ಬಂದವಳ ಮುಖ ನೋಡಿದ್ದೇ ಏಪ್ರನ್ ಬಿಚ್ಚಿ ಎಸೆದಳು. ಪೊಲೀಸರಿಗೂ ವಿಮಾನದಲ್ಲಿ ಬರುವ ಡಾಕ್ಟರಿಗೂ ಫೋನು ಮಾಡು ಎಂದು ಗಂಡನಿಗೆ ಕೂಗಿ ಹೇಳಿ, ಪಿಕಪ್ಪಿನ ಹಿಂದೆ ನೀರಿನ ಎರಡು ಕ್ಯಾನು ಎತ್ತಿಟ್ಟಳು.

"ಕೀಲಿ ಕೊಡು, ನಾನೇ ಓಡಿಸ್ತೀನಿ," ಎಂದಳು ನೊಯೆಲೀನ್.

"ನಿನ್ನ ಕೈ ನೋಡ್ಕೋ ಒಂದ್ಸಲ. ಈ ಕೈಲಿ ಓಡಿಸಿದ್ರೆ ಇಬ್ಬರನ್ನ ಹುಡುಕೋಕೆ ಇನ್ನಿಬ್ಬರು ಬರಬೇಕು. ಹತ್ತು ಆ ಕಡೆ."

ದಾರಿಯುದ್ದಕ್ಕೂ ನೊಯೆಲೀನ್ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆಯೇ ನೋಡುತ್ತಿದ್ದಳು. ಜಲ್ಲಿಯ ಮೇಲೆ ಪಿಕಪ್ಪು ಹಾರಿ ಹಾರಿ ಬೀಳುತ್ತಿತ್ತು. ದೂರದಲ್ಲಿ ಕಪ್ಪಗೆ ಏನು ಕಂಡರೂ ಅವಳು ಸೀಟಿನಿಂದ ಅರ್ಧ ಏಳುವಳು. ಹತ್ತಿರವಾದರೆ ಅದೊಂದು ಹರಿದ ಟೈರು, ಇಲ್ಲವೇ ಸತ್ತ ಕಾಂಗರೂ.

"ನಾನು ಟೋಪಿ ಎಣಿಸಿದೆ ಡಾಟ್."

"ಗೊತ್ತಾಯ್ತು."

"ತಲೆ ಎಣಿಸ್ಲಿಲ್ಲ."

"ಗೊತ್ತಾಯ್ತು ಅಂದ್ನಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಈಗ ಬಾಯಿ ಮುಚ್ಕೊಂಡು ದಾರಿ ನೋಡು."

ಇಪ್ಪತ್ತು ನಿಮಿಷದ ಮೇಲೆ ಎದುರಿನಿಂದ ಧೂಳು ಎದ್ದಿತು. ಹಿಂದೆ ಚಕ್ರದ ಮನೆಗಾಡಿ ಎಳೆದುಕೊಂಡು ಬರುತ್ತಿದ್ದ ಒಂದು ಜೀಪು. ಡಾಟ್ ದೀಪ ಮಿಟುಕಿಸಿದಳು, ನೊಯೆಲೀನ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೈ ಬೀಸಿದಳು. ಜೀಪಿನವನು ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ, ನಗುತ್ತ ದಾಟಿಹೋಗುವುದರಲ್ಲಿದ್ದ. ಮರುಭೂಮಿಯ ದಾರಿಯಲ್ಲಿ ಎದುರಾದವರಿಗೆ ಬೆರಳೆತ್ತುವುದು ವಾಡಿಕೆ; ಎತ್ತದಿದ್ದವನು ಸೊಕ್ಕಿನವನೆಂದು ಲೆಕ್ಕ. ಡಾಟ್ ಪಿಕಪ್ಪನ್ನು ಅಡ್ಡಕ್ಕೆ ತಿರುಗಿಸಿ ಅವನ ಮೂತಿಗೇ ನಿಲ್ಲಿಸಿದಳು.

"ಏನಮ್ಮಾ ಇದು, ದಾರಿ ನಿಮ್ಮಪ್ಪಂದಾ?"

"ಕ್ರೇವನ್ ಹತ್ರ ಒಬ್ಬ ಮುದುಕನ್ನ ನೋಡಿದ್ರಾ?" ನೊಯೆಲೀನ್ ಕಿಟಕಿಯಿಂದಲೇ ಕೇಳಿದಳು.

"ನೋಡಿದ್ವಲ್ಲ. ತಲೆಗೆ ಕರ್ಚೀಫು ಕಟ್ಕೊಂಡಿದ್ದ. ಪಾಳು ಗೋಡೆಯಿಂದ ಒಂದೆರಡು ಕಿಲೋಮೀಟರ್ ಈಚೆಗೆ, ದಾರಿ ಪಕ್ಕ."

"ಏನು ಮಾಡ್ತಿದ್ದ?"

"ಕೈ ಎತ್ತಿದ. ನಾನೂ ಎತ್ತಿದೆ." ಇಷ್ಟು ಹೇಳಿ ಅವನು ಅವಳ ಮುಖ ನೋಡಿದ. ತೊಡೆಯ ಮೇಲಿದ್ದ ಟೋಪಿಯನ್ನೂ ನೋಡಿದ. ಬಿಸಿಲಿಗೆ ಕೆಂಪಾಗಿದ್ದ ಅವನ ಮುಖ ಮೆಲ್ಲಗೆ ಬಿಳಿಚಿತು. "ಕಾರು ಆಚೆ ಎಲ್ಲೋ ನಿಲ್ಸಿದಾನೆ ಅಂದ್ಕೊಂಡೆ. ಫೋಟೋ ತೆಗೆಯೋರು ಹಂಗೇ ಓಡಾಡ್ತಿರ್ತಾರಲ್ಲ."

ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ ಹೇಳಿದಳು. "ಎರಡೂ ಕೈ ಎತ್ತಿದ್ದ. ಆವಾಗ್ಲೇ ಅಂದೆ ನಿಂಗೆ."

"ಎಷ್ಟು ಹೊತ್ತಾಯ್ತು?" ಡಾಟ್ ಕೇಳಿದಳು.

"ಮುಕ್ಕಾಲು ಗಂಟೆ. ನಾನು ಗಾಡಿ ಕಳಚಿಟ್ಟು ಹಿಂದೇನೇ ಬರ್ತೀನಿ."

ಡಾಟ್ ಪಿಕಪ್ಪನ್ನು ಇನ್ನೂ ಜೋರಾಗಿ ಓಡಿಸಿದಳು. ಸಿರಿಲ್ ನಡೆದಿದ್ದ. ಒಬ್ಬ ಮನುಷ್ಯ ಬದುಕಲಿಕ್ಕೆಂದು ಎರಡು ಕೈ ಎತ್ತಿದ, ಇನ್ನೊಬ್ಬ ಮನುಷ್ಯ ನಮಸ್ಕಾರ ಹೇಳಿ ಹೋದ. ನೊಯೆಲೀನ್ ಮನಸ್ಸಿನಲ್ಲೇ ದೇವರನ್ನು ಕರೆದಳು. ಮದುವೆ ಮತ್ತು ಸಾವಿನ ದಿನ ಬಿಟ್ಟರೆ ಚರ್ಚಿನ ಮೆಟ್ಟಿಲು ತುಳಿದವಳಲ್ಲ. ಬದುಕಿರಲಿ, ಬೇರೇನೂ ಬೇಡ ಎಂದಳು. ಮರುಕ್ಷಣವೇ ಕಂಪನಿ, ಪೊಲೀಸು, ಲೈಸೆನ್ಸು ಎಲ್ಲ ಕಣ್ಣಮುಂದೆ ಬಂದವು. ಆ ಹೊತ್ತಿನಲ್ಲೂ ತನ್ನ ಹೊಟ್ಟೆಪಾಡು ನೆನಪಾಯಿತಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಅವಳನ್ನು ನಾನು ದೂರುವುದಿಲ್ಲ. ಭಯ ಒಂಟಿಯಾಗಿ ಬರುವುದಿಲ್ಲ, ಮನೆಮಂದಿಯನ್ನೆಲ್ಲ ಕರೆದುಕೊಂಡೇ ಬರುತ್ತದೆ.

ಜೀಪಿನವನು ಹೇಳಿದ ಜಾಗದಲ್ಲಿ ಯಾರೂ ಇರಲಿಲ್ಲ. ಪಾಳುನಿಲ್ದಾಣದ ತನಕ ಹೋದರು. ಗೋಡೆಯ ಹಿಂದೆ, ತೊಟ್ಟಿಯ ಕೆಳಗೆ, ಎಲ್ಲೂ ಇಲ್ಲ. ನೊಯೆಲೀನ್ ಹೆಸರು ಹಿಡಿದು ಕೂಗಿದಳು. ಗಾಳಿ ಕೂಗನ್ನು ಬಾಯಿಂದಲೇ ಕಿತ್ತುಕೊಂಡು ಹೋಯಿತು. ಡಾಟ್ ಕೂಗಲಿಲ್ಲ. ನೆಲ ನೋಡುತ್ತ ದಾರಿಯ ಅಂಚಿನಲ್ಲಿ ಹಿಂದಕ್ಕೆ ನಡೆದಳು. ಬೂಟಿನ ಗುರುತು ಕಂಡಿತು. ಪಕ್ಕದಲ್ಲೇ ಊರುಗೋಲಿನ ತೂತು. ಅವನ್ನೇ ಹಿಡಿದು ಪಿಕಪ್ಪನ್ನು ಮೆಲ್ಲಗೆ ತಂದರು. ಎರಡೂವರೆ ಕಿಲೋಮೀಟರಿನಲ್ಲಿ ಗುರುತು ದಾರಿ ಬಿಟ್ಟು ಎಡಕ್ಕೆ, ಹಳೆಯ ರೈಲಿನ ಏರಿಯ ಕಡೆಗೆ ತಿರುಗಿತ್ತು. ಅಲ್ಲಲ್ಲಿ ಹೆಜ್ಜೆ ಅಡ್ಡಾದಿಡ್ಡಿಯಾಗಿತ್ತು. ಒಂದು ಕಡೆ ಮೊಣಕಾಲೂರಿದ ಗುರುತು.

ಏರಿಯ ಮೇಲೆ ಒಂದು ಜೊತೆ ಬೂಟು ಇತ್ತು. ಮರುದಿನ ಚರ್ಚಿಗೆ ಹೋಗುವವನು ರಾತ್ರಿ ಮಂಚದ ಪಕ್ಕ ಜೋಡಿಸಿಟ್ಟಂತೆ ಒಂದಕ್ಕೊಂದು ತಾಗಿಸಿ ಇಟ್ಟಿತ್ತು. ಒಳಗೆ ಕಾಲುಚೀಲ ಮಡಿಸಿಟ್ಟಿತ್ತು.

ಡಾಟ್ ನಿಂತುಬಿಟ್ಟಳು. ಬಿಸಿಲು ತಲೆಗೆ ಹತ್ತಿದವರು ಕೊನೆಗಾಲಕ್ಕೆ ಮೈಮೇಲಿನದನ್ನು ಒಂದೊಂದೇ ಬಿಚ್ಚುತ್ತಾರೆಂಬುದು ಆ ಬಯಲಿನವರಿಗೆಲ್ಲ ಗೊತ್ತು. ಅದು ಯಾವಾಗಲೂ ಬೂಟಿನಿಂದಲೇ ಶುರು.

"ನೀನು ಇಲ್ಲೇ ಇರು, ನಾನು ನೋಡ್ಕೊಂಡು ಬರ್ತೀನಿ," ಎಂದಳು ಡಾಟ್. ಅವಳ ದನಿಯಲ್ಲಿದ್ದ ಗಡಸು ಪೂರಾ ಇಳಿದಿತ್ತು.

"ಇಲ್ಲ," ಎಂದಳು ನೊಯೆಲೀನ್. "ನಾನು ಬಿಟ್ಟುಹೋದೋಳು. ನಾನೇ ನೋಡ್ಬೇಕು."

ಏರಿಯ ಆಚೆ ಬತ್ತಿದ ಹಳ್ಳ. ಹಳ್ಳಕ್ಕೆ ಅಡ್ಡಲಾಗಿ ರೈಲಿನ ಕಿರುಸೇತುವೆ, ಅದರಡಿ ಒಂದಾಳು ಬಗ್ಗಿ ಕೂರುವಷ್ಟು ನೆರಳು. ಮೊದಲು ಕಂಡದ್ದು ಎರಡು ಬರಿಗಾಲು. ಅಂಗಾಲು ಕೆಂಪಾಗಿ ಬೊಬ್ಬೆ ಎದ್ದಿತ್ತು. ನೊಯೆಲೀನ್ ಕೂಗಿದಳು, ಕಾಲು ಅಲ್ಲಾಡಲಿಲ್ಲ. ಇನ್ನೊಮ್ಮೆ ಕೂಗಿದಳು. ಸಿಟ್ಟಿನಿಂದ, ಬೇಡಿಕೊಳ್ಳುತ್ತ, ಹೆಸರು ಬಿಟ್ಟು ಏನೇನೋ ಕೂಗಿದಳು. ನೊಣಗಳು ಮಾತ್ರ ಎದ್ದವು. ಹಳ್ಳಕ್ಕೆ ಇಳಿಯುವಾಗ ಕೆಟ್ಟ ಮೊಣಕಾಲು ಕೈಕೊಟ್ಟಿತು. ಕಲ್ಲಿನ ಮೇಲೆ ಕೂತೇ ಜಾರಿದಳು. ಮುಟ್ಟುವುದಕ್ಕೆ ಕೈ ಬರಲಿಲ್ಲ. ಮುಟ್ಟಿದರೆ ಗೊತ್ತಾಗಿಬಿಡುತ್ತದೆ. ಕೊನೆಗೆ ಅವನ ಪಾದವನ್ನು ಹಿಡಿದಳು.

ಪಾದ ಒದೆಯಿತು.

"ಯಾರದು, ಕಾಲು ಹಿಡ್ಕೊಂಡು," ಎಂದ ಸಿರಿಲ್. ನಾಲಿಗೆ ದಪ್ಪಗಾಗಿ ಮಾತು ಒರಟಾಗಿ ಬಂತು. ಧೂಳು ಹೊಕ್ಕೀತೆಂದು ಕಿವಿಯ ಯಂತ್ರ ಎರಡನ್ನೂ ಬಸ್ಸಿಳಿದ ಕೂಡಲೇ ಜೇಬಿಗೆ ಹಾಕಿಕೊಂಡಿದ್ದ. ಪಾಳು ಗೋಡೆಯ ಹಿಂದಿದ್ದವನಿಗೆ ಹಾರ್ನೂ ಕೇಳಿರಲಿಲ್ಲ, ಈಗ ಕೂಗಿದ್ದೂ ಕೇಳಿರಲಿಲ್ಲ.

ಡಾಟ್ ಅವನ ತಲೆ, ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟಳು, ಗುಟುಕು ಗುಟುಕಾಗಿ ನೀರು ಕುಡಿಸಿದಳು. ನೊಯೆಲೀನ್ ಪಕ್ಕದಲ್ಲಿ ಕೂತು ಅವನ ಪಾದವನ್ನು ಬಿಡದೆ ಹಿಡಿದುಕೊಂಡೇ ಅಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವನು ಯಂತ್ರಗಳನ್ನು ಕಿವಿಗೆ ಸಿಕ್ಕಿಸಿಕೊಂಡ.

"ಯಾಕೆ ನಡೆದ್ರಿ? ಗೋಡೆ ನೆರಳಲ್ಲಿ ಕೂತಿರಬಾರದಿತ್ತಾ?"

"ನೀನೇ ಹೇಳಿದ್ಯಲ್ಲ ಹುಡುಗಿ, ತಿರುಗಿ ಬರಲ್ಲ ಅಂತ." ಐವತ್ತೆಂಟರ ಅವಳು ಅವನಿಗೆ ಹುಡುಗಿಯೇ. "ಮೊದಲು ನಗೆಚಾಟಿಕೆ ಅಂದ್ಕೊಂಡೆ. ಅರ್ಧ ಗಂಟೆ ಕಾದೆ. ಆಮೇಲೆ ನಿಜಾನೇ ಇರಬಹುದು ಅನ್ನಿಸ್ತು. ಒಬ್ಬನೇ ಇದ್ರೆ ಎಲ್ಲಾ ನಿಜ ಅನ್ಸುತ್ತೆ."

ಅವಳು ಕ್ಯಾನಿನ ನೀರನ್ನು ಅಂಗೈಗೆ ಸುರಿದುಕೊಂಡು ಅವನ ಪಾದದ ಮೇಲೆ ಬಿಟ್ಟಳು.

"ಟೋಪಿ ಗಾಳಿಗೆ ಹಾರಿಹೋಗುತ್ತೆ ಅಂತ ಬಸ್ಸಲ್ಲೇ ಬಿಟ್ಟೆ," ಎಂದ. ಇನ್ನೊಂದು ಗುಟುಕು ಕುಡಿದ. "ಒಂದು ಕೆಲಸ ಮಾಡು. ನಾನೇ ಹೇಳದೆ ಕೇಳದೆ ಎಲ್ಲೋ ಹೋದೆ ಅನ್ನು. ನೀನು ಎಣಿಸಿದ ಮೇಲೆ ಬಸ್ಸಿಂದ ಇಳಿದುಬಿಟ್ಟೆ ಅನ್ನು. ಮುದುಕ ಅಂದ್ರೆ ಯಾರು ಬೇಕಾದ್ರೂ ನಂಬ್ತಾರೆ."

ಡಾಟ್ ಕ್ಯಾನಿನ ಮುಚ್ಚಳ ತಿರುಗಿಸುತ್ತಿದ್ದಳು. ಕೇಳಿಸಿಕೊಳ್ಳದವಳ ಹಾಗಿದ್ದಳು. ನೊಯೆಲೀನ್ ಏರಿಯ ಮೇಲಿದ್ದ ಬೂಟು ತರಲು ಎದ್ದಳು.

ಹುಡುಕಲು ಬರುತ್ತಿದ್ದ ಜೀಪಿನವನು ದಾರಿಯಲ್ಲಿ ಎದುರಾಗಿ ಅವರ ಹಿಂದೆಯೇ ತಿರುಗಿ ಬಂದ. ಊಟದ ಮನೆಗೆ ತಲುಪಿದಾಗ ಎರಡೂವರೆ ದಾಟಿತ್ತು. ನಾಲ್ಕಕ್ಕೆ ವಿಮಾನ ಬಂದು ಸಿರಿಲ್‌ನನ್ನು ಆಸ್ಪತ್ರೆಗೆ ಒಯ್ಯುವುದೆಂದು ಗೊತ್ತಾಗಿತ್ತು. ಅಲ್ಲಿಯವರೆಗೆ ತಂಪಾಗಿಡಿ ಎಂದು ಫೋನಿನಲ್ಲಿ ಡಾಕ್ಟರು ಹೇಳಿದ್ದರು. ಅವನನ್ನು ಫ್ಯಾನಿನ ಕೆಳಗಿನ ಬೆಂಚಿನ ಮೇಲೆ ಒರಗಿಸಿ ಕೂರಿಸಿದರು. ಮೂವತ್ತು ಜನ ಸುತ್ತುವರಿದರು. ಎಲ್ಲರ ಮುಖದಲ್ಲೂ ಹೆದರಿಕೆ. ಅವನು ಮಾತಾಡಿದ್ದೇ ಆ ಹೆದರಿಕೆ ಬೈಗುಳವಾಯಿತು.

"ನಂದೇ ತಪ್ಪು ಕಣ್ರಪ್ಪ," ಎಂದ ಸಿರಿಲ್. "ಕಲ್ಲು ಆರಿಸ್ಕೊಂಡು ಎಲ್ಲೋ ಹೋಗ್ಬಿಟ್ಟೆ."

"ನಿಮಗೆ ಕೊರಳಿಗೆ ಗಂಟೆ ಕಟ್ಬೇಕು," ಎಂದ ಒಬ್ಬ. "ಎರಡು ಗಂಟೆ ನಮ್ಮ ಪ್ರಾಣ ಹಿಂಡಿಬಿಟ್ರಿ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಸಿರಿಲ್ ಕೂಡ ನಕ್ಕ. ಡಾಟ್‌ಳ ಗಂಡ ಕೊಟ್ಟ ಉಪ್ಪುಸಕ್ಕರೆ ನೀರಿನ ಲೋಟವನ್ನು ಹಿಡಿಯಲಾರದೆ ಅವನ ಕೈ ಗಡಗಡ ಅಲ್ಲಾಡುತ್ತಿತ್ತು. ನೀರು ಅಂಗಿಯ ಮೇಲೆ ಚೆಲ್ಲಿತು. ಅದನ್ನು ಯಾರೂ ನೋಡದಿರಲೆಂದು ಲೋಟವನ್ನು ತೊಡೆಯ ಸಂದಿಗೆ ಇಳಿಸಿಕೊಂಡ.

ನೊಯೆಲೀನ್ ನೋಡಿದಳು. ಸುಮ್ಮನಿದ್ದರೆ ಸಾಕಿತ್ತು. ಕೆಲಸ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಹಳ್ಳದಲ್ಲಿ ಅವನ ಪಾದ ಮುಟ್ಟುವ ಮುಂಚೆ ಇದ್ದಷ್ಟೇ ಭಯ ಮತ್ತೆ ಬಂತು.

"ಅವರು ಎಲ್ಲೂ ಹೋಗ್ಲಿಲ್ಲ," ಎಂದಳು. "ನಾನು ಎಣಿಸ್ಲಿಲ್ಲ. ಟೋಪಿ ಎಣಿಸಿದೆ. ಅವರ ಟೋಪಿ ಸೀಟಿನ ಮೇಲಿತ್ತು."

ನಗು ನಿಂತಿತು. ಮೂರನೇ ಸಾಲಿನಲ್ಲಿ ಕೂರುತ್ತಿದ್ದ ಗ್ರೆಟಾ ಲಿಂಡ್ನರ್ ಎಂಬ ಹೆಂಗಸು ತನ್ನ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಪ್ರವಾಸದುದ್ದಕ್ಕೂ ನೊಯೆಲೀನಳ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

"ಎಷ್ಟು ದಿನದಿಂದ ಹೀಗೆ ಟೋಪಿ ಎಣಿಸ್ತಿದೀರಿ?" ಎಂದು ಕೇಳಿದಳು.

"ಒಂಬತ್ತು ವರ್ಷದಿಂದ."

ಹೇಳಿದ ಮೇಲೆ ಆ ಮಾತು ನೊಯೆಲೀನಳಿಗೂ ಕೇಳಿಸಿತು. ಒಂಬತ್ತು ವರ್ಷ, ದಿನಕ್ಕೆ ಆರೇಳು ನಿಲುಗಡೆ. ಅಷ್ಟು ಸಲವೂ ಅವಳು ಕನ್ನಡಿ ನೋಡಿ ಹೊರಟಿದ್ದಳು. ಅಷ್ಟು ಸಲವೂ ಕಾಪಾಡಿದ್ದು ಅವಳ ಎಣಿಕೆಯಲ್ಲ, ಯಾರೂ ಟೋಪಿ ಬಿಟ್ಟು ಇಳಿಯದೆ ಇದ್ದದ್ದು. ಮೇಜು ಹಿಡಿದುಕೊಂಡಳು. ಪರವಾಗಿಲ್ಲ ಬಿಡಿ ಎಂದು ಯಾರೂ ಹೇಳಲಿಲ್ಲ. ಹೇಳಬಾರದಿತ್ತು ಕೂಡ.

"ಕಂಪನಿಗೆ ನಾನೇ ಹೇಳ್ತೀನಿ," ಎಂದಳು. "ಬೇರೆ ಡ್ರೈವರ್ ಬರೋಕೆ ನಾಳೆ ಆಗುತ್ತೆ. ಕಾಯ್ತೀರೋ, ನನ್ನ ಜೊತೆ ಬರ್ತೀರೋ, ನಿಮಗೆ ಬಿಟ್ಟಿದ್ದು."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಂಚಿನ ಮೇಲಿದ್ದ ಸಿರಿಲ್ ಲೋಟವನ್ನು ಮೆಲ್ಲಗೆ ನೆಲದ ಮೇಲಿಟ್ಟ.

"ಎಣಿಸು ಹುಡುಗಿ," ಎಂದ. "ಈಗ, ಇಲ್ಲೇ. ವಿಮಾನ ಬರೋ ಮುಂಚೆ. ಇನ್ನೂ ಮೂವತ್ತೊಂದು ಜನ ಇದೀವಿ."

ಅವಳು ಅವನ ಹತ್ತಿರ ಹೋದಳು. ಒದ್ದೆ ಬಟ್ಟೆ ಸರಿಸಿ ಅವನ ನೆತ್ತಿಯ ಮೇಲೆ ಅಂಗೈ ಇಟ್ಟಳು. ಅಷ್ಟು ನೀರು ಸುರಿದರೂ ತಲೆ ಇನ್ನೂ ಸುಡುತ್ತಿತ್ತು.

"ಒಂದು," ಎಂದಳು. ಆ ಕೈ ಎತ್ತಿ ಮುಂದಿನ ತಲೆಗೆ ಹೋಗಲು ಅವಳಿಗೆ ಬಹಳ ಹೊತ್ತು ಬೇಕಾಯಿತು.